ಅನ್ಯಗ್ರಹದವರಿಗೆ ಮನೆ ಬಾಡಿಗೆಗಿದೆ

ನಮ್ಮ ನೀರಿನ ಡ್ರಮ್ಮಿನ ಮೇಲೆ ಮುಚ್ಚಳವಾಗಿ ಒಂದು ತಗಡಿನ ಫಲಕ ಮಲಗಿದೆ. ಮೊನ್ನೆ ಡ್ರಮ್ಮು ತೊಳೆಯಲೆಂದು ಅದನ್ನು ಮಗುಚಿದಾಗ ಒಳಮೈಯ ಅಕ್ಷರ ಕಂಡಿತು: ‘ಮನೆ ಬಾಡಿಗೆಗೆ ಇದೆ. ಸಂಸಾರಸ್ತರಿಗೆ ಮಾತ್ರ.’ ಕನ್ನಡ ಉಪನ್ಯಾಸಕಿಯ ಮನೆಯ ಫಲಕದಲ್ಲೇ ಕಾಗುಣಿತ ತಪ್ಪು. ಬೀದರಿನ ನೌಬಾದದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆಂದು ನನ್ನ ಅತ್ತೆ ಕಾಶಮ್ಮ ಬರೆಸಿದ್ದು ಅದು. ನಾನು ತಿದ್ದಿಸೋಣವೆಂದೆ. “ಓದೋ ಮಂದಿಗಿ ತಿಳೀತದ, ಸುಮ್ನಿರು,” ಎಂದು ಅತ್ತೆ ಗೇಟಿಗೆ ಕಟ್ಟಿಸಿಬಿಟ್ಟಿದ್ದರು.

ಫಲಕ ನೋಡಿದರೆ ಬೇರೆಯವರಿಗೆ ಬಾಡಿಗೆದಾರರು ನೆನಪಾಗಬಹುದು. ನನಗೆ ನೆನಪಾಗುವುದು ಬಾಹ್ಯಾಕಾಶ ನೌಕೆ.

ಆ ವರ್ಷ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಡಾಕ್ಟರು ಕೆಲವು ದಿನ ಟೀವಿ ನೋಡಬೇಡಿ ಎಂದಿದ್ದರು. ಆ ಕೆಲವು ದಿನ ಮುಗಿದ ಭಾನುವಾರ ಮಧ್ಯಾಹ್ನ ಅವರು ರಿಮೋಟು ಒತ್ತಿದಾಗ ಪರದೆಯ ಮೇಲೆ ಬಂದದ್ದು ವಿದೇಶದ ಒಂದು ಧಾರಾವಾಹಿ, ಕನ್ನಡಕ್ಕೆ ಡಬ್ ಆದದ್ದು. ನೌಕೆಯೊಂದು ಗ್ರಹದಿಂದ ಗ್ರಹಕ್ಕೆ ಹೋಗುತ್ತದೆ, ಪ್ರತಿ ಗ್ರಹದಲ್ಲೂ ಮನುಷ್ಯರು ಬುದ್ಧಿ ಹೇಳುತ್ತಾರೆ, ಮುಂದಿನ ವಾರಕ್ಕೆ ಹೊರಡುತ್ತಾರೆ. ಅದರ ಇಂಗ್ಲಿಷ್ ಹೆಸರು ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಒಗ್ಗದೆ ‘ವಿಮಾನದ್ದು’ ಎಂದೇ ರೂಢಿಯಾಯಿತು. ಹೊಸ ಕಣ್ಣಿಗೆ ಬಣ್ಣಗಳೆಲ್ಲ ಝಗಝಗ ಕಂಡವೋ ಏನೋ, ಅತ್ತೆ ಅಂದೇ ಅದಕ್ಕೆ ಅಂಟಿಕೊಂಡರು.

ಡಬ್ ಆದ ಅನ್ಯಗ್ರಹದವರ ಒಂದು ವಿಶೇಷ ನೀವೂ ಗಮನಿಸಿರುತ್ತೀರಿ. ಅವರು ಯಾವ ನಕ್ಷತ್ರದಿಂದ ಇಳಿದರೂ ಮೈಸೂರಿನವರ ಹಾಗೆ ಮಾತಾಡುತ್ತಾರೆ. “ದಯವಿಟ್ಟು ಕುಳಿತುಕೊಳ್ಳಿ, ನಿಮ್ಮ ಗ್ರಹವನ್ನು ನಾಶ ಮಾಡಬೇಕಾಗಿದೆ,” ಎನ್ನುತ್ತಾರೆ. ಮೂರು ಕಣ್ಣಿನವರಿಗೂ ಬಾಲವಿದ್ದವರಿಗೂ ಸಿಕ್ಕ ಬಾಯಿ ನಮ್ಮ ಬೀದರ ಜಿಲ್ಲೆಗೆ ಸಿಗಲಿಲ್ಲ. ಕೋಟಿ ಗ್ರಹಗಳ ಪೈಕಿ ಒಂದರಲ್ಲಾದರೂ ಯಾರಾದರೂ “ಏನ್ರಿ, ಯಾಕ ಬಂದೀರಿ” ಎಂದು ಕೇಳಿದ್ದರೆ ನಾನು ಆ ಧಾರಾವಾಹಿಯ ವಿಜ್ಞಾನವನ್ನು ನಂಬುತ್ತಿದ್ದೆ.

ನೌಕೆಯಲ್ಲಿ ತ್ಸೂನ್ ಎಂಬ ಯಂತ್ರತಜ್ಞನಿದ್ದ. ಅವನ ಗ್ರಹದಲ್ಲಿ ಎಲ್ಲರೂ ಹುಟ್ಟುವಾಗ ಗಂಡು. ವಯಸ್ಸು ಮಾಗಿದ ಮೇಲೆ ಎಲ್ಲರೂ ಹೆಣ್ಣಾಗುತ್ತಾರೆ. ಕಥೆಯ ಆರಂಭದಲ್ಲಿ ತ್ಸೂನ್ ಗಂಡಸಾಗಿದ್ದ. ಕೆಲವು ವಾರಗಳಲ್ಲಿ, ಒಂದು ಜಾಹೀರಾತಿನ ಬಿಡುವಿನಲ್ಲಿ, ಹೆಂಗಸಾದ. ಅತ್ತೆ ಮೊದಲು ‘ಸೂನಪ್ಪ’ ಎನ್ನುತ್ತಿದ್ದರು, ಆ ವಾರದಿಂದ ‘ಸೂನಮ್ಮ’ ಎಂದರು. ನಮ್ಮ ಕಡೆ ಮರಾಠಿಯೂ ಕಿವಿಗೆ ಬೀಳುತ್ತಿರುತ್ತದಲ್ಲ, ಮರಾಠಿಯಲ್ಲಿ ಸೂನ್ ಎಂದರೆ ಸೊಸೆ. “ಹೆಸರಿನಾಗೇ ಸೊಸಿ ಅದಾಳ, ಹೆಣ್ಣಾಗದೆ ಎಲ್ಲಿ ಹೋಗ್ತಾಳ,” ಎಂದು ಅತ್ತೆ ತೀರ್ಪು ಕೊಟ್ಟರು.

ಆ ಗ್ರಹದ ವ್ಯವಸ್ಥೆ ಅವರಿಗೆ ಬಹಳ ಹಿಡಿಸಿತು. ಒಂದು ಭಾನುವಾರ ಊಟ ಮುಗಿಸಿ ತಟ್ಟೆಯಲ್ಲೇ ಕೈತೊಳೆದ ಮಗನ ಕಡೆ ನೋಡಿ ಹೇಳಿದರು:

“ಆ ಊರಾಗ ಗಂಡಸರು ಉಂಡ ತಾಟು ತಾವೇ ತೊಳೀತಾರ, ನೋಡೀಯೇನು?”

“ಯಾಕಂತ?” ನಮ್ಮವರು ಕೇಳಿದರು.

“ಮುಂದ ನಮ್ಮ ಪಾಳಿ ಬರ್ತದ ಅಂತ ಅವರಿಗಿ ಗೊತ್ತದ. ನಿಮಗ ಆ ಅಂಜಿಕಿ ಇಲ್ಲ.”

ನಮ್ಮವರು ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟರು. ಇಟ್ಟರು, ಅಷ್ಟೇ. ವಿಜ್ಞಾನ ಕಥೆಗೆ ಅದಕ್ಕಿಂತ ಹೆಚ್ಚಿನ ಶಕ್ತಿ ಇರಲಿಲ್ಲ.

ನಾನೂ ಒಂದು ಕಣ್ಣು ಟೀವಿಯ ಮೇಲೆ, ಒಂದು ಕಣ್ಣು ಮೌಲ್ಯಮಾಪನದ ಕಟ್ಟಿನ ಮೇಲೆ ಇಟ್ಟು ಕೂರುತ್ತಿದ್ದೆ. ಕೂತಂತೆ ಕೂತಂತೆ ಬಾಹ್ಯಾಕಾಶದ ಲಿಂಗಶಾಸ್ತ್ರ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಜನ ಯಾವ ಗ್ರಹದಲ್ಲಿ ಸಿಕ್ಕರೂ ಅವರ ತಲೆ ಬೋಳು, ಮೈಮೇಲೆ ದವಾಖಾನೆಯಲ್ಲಿ ಹಾಕುವಂಥ ಬಿಳಿ ನಿಲುವಂಗಿ. ಲಿಂಗವಿಲ್ಲದವರಿಗೆ ಕೂದಲೂ ಇರಬಾರದು, ಬಟ್ಟೆಯಲ್ಲಿ ಆಸೆಯೂ ಇರಬಾರದು ಎಂಬುದು ಎಲ್ಲ ಗೆಲಾಕ್ಸಿಗಳ ಒಮ್ಮತ. ಇನ್ನು ತ್ಸೂನ್ ಹೆಣ್ಣಾದ ಕೂಡಲೇ ನೌಕೆಯ ಸಮವಸ್ತ್ರ ತಾನೇ ತಾನಾಗಿ ಬಿಗಿಯಾಯಿತು. ಅದು ಯಾವ ನಿಯಮದ ಪ್ರಕಾರ ಎಂದು ಯಾರೂ ವಿವರಿಸಲಿಲ್ಲ. ಗಂಡಸಾಗಿದ್ದಾಗ ಇಂಜಿನ್ನಿನ ಹೊಟ್ಟೆಯೊಳಗೆ ನುಗ್ಗಿ ಎಣ್ಣೆ ಬಳಿದುಕೊಂಡು ಬರುತ್ತಿದ್ದವಳಿಗೆ, ಹೆಣ್ಣಾದ ಮೇಲೆ ಯಾರೂ ಒಂದು ಸ್ಪ್ಯಾನರು ಕೂಡ ಕೊಡಲಿಲ್ಲ. ಕಿಟಕಿಯ ಬಳಿ ನಿಂತು ನಕ್ಷತ್ರ ನೋಡುವುದು, ಕ್ಯಾಪ್ಟನ್ನಿಗೆ ಧೈರ್ಯ ಹೇಳುವುದು, ಕಣ್ಣು ತುಂಬಿಕೊಳ್ಳುವುದು ಅವಳ ಹೊಸ ಉದ್ಯೋಗ. ಬೆಳಕಿಗಿಂತ ವೇಗವಾಗಿ ಹೋಗುವ ನೌಕೆ ಈ ವಿಷಯದಲ್ಲಿ ನಮ್ಮ ನೌಬಾದ ದಾಟಿರಲಿಲ್ಲ. ದನಿ ಕೊಟ್ಟವರೂ ಅಷ್ಟೇ. ವಯಸ್ಸಾದ ಮೇಲೆ ಹೆಣ್ಣಾದವಳಿಗೆ ಹದಿನಾರರ ಹುಡುಗಿಯ ದನಿ ಹಾಕಿದ್ದರು. “ಮುದುಕ್ಯಾರಿಗಿ ಹಿಂಥಾ ದನಿ ಇರಂಗಿಲ್ಲ, ಮೋಸ ಮಾಡ್ಯಾರ,” ಎಂದರು ಅತ್ತೆ, ತಮ್ಮ ಗೊಗ್ಗರು ದನಿಯಲ್ಲಿ.

ಡಬ್ಬಿಂಗಿನವರ ನಿಜವಾದ ಕಷ್ಟ ಸರ್ವನಾಮದ್ದು. ಮೊದಲ ವಾರಗಳಲ್ಲಿ ಬೋಳುತಲೆಯ ಜನರನ್ನು ಅವರು ‘ಅದು’ ಎಂದರು. ಅದು ಬಂತು, ಅದು ಹೇಳಿತು. ಅತ್ತೆಗೆ ಸಿಟ್ಟು ಬಂತು: “ಮಾತಾಡೋ ಮನುಷ್ಯಾರಿಗಿ ಅದು ಅಂತಾರ, ಎಮ್ಮಿ ಅದೇನು?” ನಾನು ವ್ಯಾಕರಣ ಎತ್ತಿಕೊಂಡೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಮೂರಿವೆ ಎಂದೆ. ಭಾಲ್ಕಿಯ ನನ್ನ ಕಾಲೇಜಿನಲ್ಲಿ ಮೂರನೆಯದನ್ನು ಬೋರ್ಡಿನ ಮೇಲೆ ಬರೆದಾಗಲೆಲ್ಲ ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆ, ನಾನು ಕೆಮ್ಮಿ ಉದಾಹರಣೆಗೆ ಹೋಗುತ್ತೇನೆ: ಮರ, ಕಲ್ಲು, ಪುಸ್ತಕ. ಅತ್ತೆ ಕಿಸಕ್ಕೆನ್ನಲಿಲ್ಲ. “ನಾ ಎಲ್ಲಾರಿಗೂ ಬರ್ರಿ, ಕುಂದ್ರಿ ಅಂತೇನಿ. ನನಗ ಒಂದೇ ಸಾಕು,” ಎಂದರು.

ಲಿಂಗದ ಗೊಂದಲ ನನಗೆ ಹೊಸದಲ್ಲ. ನಾನು ಔರಾದದ ಸಾಲಿಯಲ್ಲಿ ಓದಿದವಳು. ಅಲ್ಲಿ ಹಿಂದಿ ಕಲಿಸುವ ಗುರುಗಳು ಬೆತ್ತ ಹಿಡಿದು ವಸ್ತುಗಳಿಗೆ ಲಿಂಗ ಹಂಚುತ್ತಿದ್ದರು. ಮೀಸೆ ಹೆಣ್ಣು, ಗಡ್ಡ ಹೆಣ್ಣು, ಲಾಠಿ ಹೆಣ್ಣು, ಪೊಲೀಸೂ ಹೆಣ್ಣು. ಸೀರೆಯ ಸೆರಗು ಮಾತ್ರ ಗಂಡು. ಒಂದು ದಿನ ಟ್ರಕ್ಕು ಗಂಡು, ಲಾರಿ ಹೆಣ್ಣು ಎಂದರು. ನನ್ನ ಪಕ್ಕದಲ್ಲಿದ್ದ ಚಿಂತಾಕಿಯ ಹುಡುಗಿ, ಮನೆಯಲ್ಲಿ ಲಾರಿ ಇದ್ದವಳು, ಎದ್ದು ನಿಂತಳು.

“ಸರ್, ಎರಡೂ ಒಂದೇ ಗಾಡಿ ಅಲ್ರಿ?”

“ಹೌದು.”

“ಮತ್ತ ಗಂಡೋ ಹೆಣ್ಣೋ?”

ಗುರುಗಳು ಬೆತ್ತ ಕಂಕುಳಿಗೆ ಸಿಕ್ಕಿಸಿ, “ಕರ್ದಂಗ ಆಗ್ತದ, ಕುಂದ್ರು,” ಎಂದರು.

ಲಿಂಗದ ಬಗ್ಗೆ ಇದಕ್ಕಿಂತ ಆಧುನಿಕವಾದ ಸಿದ್ಧಾಂತವನ್ನು ನಾನು ಮುಂದೆ ಯಾವ ವಿಚಾರ ಸಂಕಿರಣದಲ್ಲೂ ಕೇಳಲಿಲ್ಲ.

ಇರಲಿ, ಭಾನುವಾರಕ್ಕೆ ಬರುತ್ತೇನೆ. ‘ವಿಮಾನದ್ದು’ ನೋಡಲು ನಮ್ಮ ಪಡಸಾಲೆಗೆ ಇಬ್ಬರು ಕಾಯಂ ಪ್ರೇಕ್ಷಕರು ಬರುತ್ತಿದ್ದರು. ಒಬ್ಬರು ಪಕ್ಕದ ಮನೆಯ ಖತೀಜಾ ಆಪಾ, ಅತ್ತೆಯ ಹಳೆಯ ಗೆಳತಿ. ತಟ್ಟೆಯಲ್ಲಿ ಏನಾದರೂ ಮುಚ್ಚಿಕೊಂಡೇ ಬರುವವರು. ಇನ್ನೊಬ್ಬರು ಎದುರು ಮನೆಯ ಮಾಣಿಕಪ್ಪ ಮಾಸ್ತರು. ನಿವೃತ್ತ ಮುಖ್ಯೋಪಾಧ್ಯಾಯರು, ನಮ್ಮ ಬಡಾವಣೆಯ ಕಮಿಟಿಯ ಅಧ್ಯಕ್ಷರು. ಅವರ ಮನೆಯ ಟೀವಿ ಸೊಸೆಯ ವಶದಲ್ಲಿದ್ದುದರಿಂದ ನಮ್ಮಲ್ಲಿ ಆಶ್ರಯ ಪಡೆದಿದ್ದರು. ನಡುವೆ ನಡುವೆ ಅವರು ವ್ಯಾಖ್ಯಾನ ಮಾಡುತ್ತಿದ್ದರು. “ನೋಡ್ರಿ, ಪ್ರಕೃತಿಯಾಗ ಎಲ್ಲಾ ಅದ. ಮನುಷ್ಯಾನ ಮನಸ್ಸು ಸಣ್ಣದದ,” ಎನ್ನುತ್ತಿದ್ದರು. ನನಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು.

ಸುವರ್ಣಾ ನನಗೆ ಸಿಕ್ಕದ್ದು ಬಸ್ಸಿನಲ್ಲಿ. ನಾನು ದಿನಾ ಬೀದರಿನಿಂದ ಭಾಲ್ಕಿಗೆ ಹೋಗಿ ಬರುವವಳು. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿ ಎತ್ತರದ ಹೆಂಗಸೊಬ್ಬಳು ಬಂದು ಕೂತಳು. ನೀಟಾಗಿ ಪಿನ್ನು ಹಾಕಿದ ಹತ್ತಿ ಸೀರೆ, ಅಗಲವಾದ ಕೈ, ಕೈಯಲ್ಲಿ ಊಟದ ಡಬ್ಬಿ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಂಡಕ್ಟರು ಎಲ್ಲರ ಆಧಾರ್ ಕಾರ್ಡು ನೋಡುತ್ತಾರಲ್ಲ, ಹಾಗೆ ಅವಳದನ್ನೂ ನೋಡಿದರು. ಕಾರ್ಡು ನೋಡಿ, ಮುಖ ನೋಡಿ, ಸುಮ್ಮನೆ ಚೀಟಿ ಹರಿದು ಕೊಟ್ಟು ಮುಂದೆ ಹೋದರು. ಸುಮ್ಮನಿರಲಾಗದೆ ಹೋದದ್ದು ಹಿಂದಿನ ಸೀಟಿನ ಒಬ್ಬ ಗಂಡಸಿಗೆ. ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅವನು, “ಫ್ರೀ ಬಸ್ಸಿನ ಸಲುವಾಗಿ ಮಂದಿ ಹೆಣ್ಣಾಗ್ಲಾಕತ್ತಾರ,” ಎಂದ.

ಅವಳು ತಿರುಗಿ ನೋಡಿದಳು. ದನಿ ಆಳವಾಗಿತ್ತು, ಸಿಟ್ಟಿರಲಿಲ್ಲ.

“ಹೌದ್ರಿ ಅಣ್ಣಾ. ಟಿಕೀಟಿನ ದುಡ್ಡು ಉಳಿಸ್ಲಾಕೇ ಆಗೀನಿ. ಆಪರೇಷನ್ ಖರ್ಚು ಮಾತ್ರ ಜರಾ ಜಾಸ್ತಿ ಬಂತು.”

ಬಸ್ಸಿನಲ್ಲಿ ಮೊದಲು ನಕ್ಕದ್ದು ಡ್ರೈವರು. ಹಿಂದಿನ ಸೀಟಿನವನು ಕಿಟಕಿಯ ಹೊರಗೆ ತೊಗರಿ ಬೆಳೆ ಹೇಗಿದೆ ಎಂದು ಪರೀಕ್ಷಿಸತೊಡಗಿದ.

ಹೀಗೆ ಪರಿಚಯವಾಯಿತು. ಸುವರ್ಣಾ ಕಮಲನಗರದವಳು. ಭಾಲ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಹೊಸದಾಗಿ ಸೇರಿದ್ದಳು. ಕಮಲನಗರದಿಂದಲೇ ಹೋಗಿ ಬರಬಹುದಿತ್ತು, ಆದರೆ ತಂದೆ ಬಾಗಿಲು ಮುಚ್ಚಿದ್ದರು. ತಾಯಿ ಮಾತ್ರ ಫೋನು ಮಾಡುತ್ತಿದ್ದರು, ಅದೂ ತಂದೆ ಹೊಲಕ್ಕೆ ಹೋದ ಮೇಲೆ. ಭಾಲ್ಕಿಯಲ್ಲೇ ಯಾಕೆ ಇರಬಾರದು ಎಂದು ಕೇಳಿದೆ.

“ಅಲ್ಲಿ ನಾ ಕಾಲೇಜ್ ಓದೀನಿರಿ ಅಕ್ಕಾ. ಎಲ್ಲಾರೂ ಹಳೇ ಹೆಸರಲೇ ಕರೀತಾರ. ತಿರುಗಿ ನೋಡಿದ್ರ ಒಂದು ತ್ರಾಸ, ನೋಡದಿದ್ರ ಒಂದು ತ್ರಾಸ. ಬೀದರ ದೊಡ್ಡ ಊರು. ಇಲ್ಲಿ ಯಾರಿಗೂ ನಾ ಏನೂ ಅಲ್ಲ.”

ಆದರೆ ಯಾರಿಗೂ ಏನೂ ಅಲ್ಲದವರಿಗೆ ಬೀದರಿನಲ್ಲಿ ಮನೆ ಸಿಗುವುದಿಲ್ಲ. ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿದ್ದಳು. ಅಲ್ಲಿ ಬಾಗಿಲಿಗೆ ಚಿಲಕ ಸರಿಯಿಲ್ಲದೆ ಕುರ್ಚಿ ಅಡ್ಡ ಇಟ್ಟು ಮಲಗುತ್ತಿದ್ದಳು. ನಮ್ಮ ಮಹಡಿ ಕೋಣೆ ಖಾಲಿ ಇತ್ತು. ಭಾನುವಾರ ಬೆಳಿಗ್ಗೆ ಬಾ ಎಂದೆ. ಸರ್ಕಾರಿ ನೌಕರಿಯ ಒಬ್ಬ ಹೆಣ್ಣುಮಗಳು ಬರುತ್ತಾಳೆ ಎಂದು ಅತ್ತೆಗೆ ಹೇಳಿದೆ. ಅವರು ಖುಷಿಯಾಗಿ ಹೊಸ ಬೆಡ್‌ಶೀಟು ಹಾಸಿ ಇಟ್ಟರು.

ಸುವರ್ಣಾ ಬಂದಳು, ಬಗ್ಗಿ ಕಾಲು ಮುಟ್ಟಿದಳು, “ಆರಾಮ ಇದ್ದೀರೇನ್ರಿ ಅಮ್ಮಾ?” ಎಂದಳು. ಅತ್ತೆಯ ಹೊಸ ಕಣ್ಣು ಅವಳ ಕೈಯಿಂದ ಕೊರಳಿಗೆ ಹೋಯಿತು. ಅವಳಿಗೆ ನೀರು ಕೊಟ್ಟು ನನ್ನನ್ನು ಅಡುಗೆಮನೆಗೆ ಕರೆದರು.

“ಇವರು… ಅವರೇನು?”

“ಹೌದ್ರಿ.”

“ನೀ ಮೊದಲಾ ಹೇಳಬೇಕಿಲ್ಲೇನು?”

“ಸೂನಮ್ಮ ನಿಮಗ ಬಾಳ ಸೇರ್ತಾಳಲ್ರಿ.”

“ಆಕಿ ಟೀವ್ಯಾಗ ಇರ್ತಾಳ. ಮ್ಯಾಲಿನ ಖೋಲ್ಯಾಗ ಇರಂಗಿಲ್ಲ,” ಎಂದರು ಅತ್ತೆ.

ಇದಕ್ಕೆ ಉತ್ತರ ನನ್ನಲ್ಲಿತ್ತು. ಲಿಂಗ ಸಮಾನತೆಯ ಮೇಲೆ ನಾನು ಎಷ್ಟೋ ಕಡೆ ಭಾಷಣ ಮಾಡಿ ಶಾಲು ಹೊದಿಸಿಕೊಂಡವಳು. ಆ ಶಾಲುಗಳೆಲ್ಲ ಟ್ರಂಕಿನಲ್ಲಿದ್ದವು, ನಾನು ಒಲೆಯ ಮುಂದೆ ಚಹಾ ಸೋಸುತ್ತಿದ್ದೆ. ಮನೆ ಅತ್ತೆಯದು. ಗಂಡ ತೀರಿದ ಮೇಲೆ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸುವ ನರ್ಸಿನ ಕೆಲಸ ಮಾಡಿ, ಒಂದೊಂದೇ ಗೋಡೆ ಎಬ್ಬಿಸಿದವರು ಅವರು.

ಹೊರಗೆ ಬಂದು ಅತ್ತೆ, “ಯೋಚನಿ ಮಾಡಿ ಹೇಳ್ತೇವಿ ತಂಗೀ,” ಎಂದರು.

ಸುವರ್ಣಾ ಚಹಾ ಮುಗಿಸಿ ಕಪ್ಪು ಕೆಳಗಿಟ್ಟಳು. “ಆಗಲಿರಿ. ಎಲ್ಲಾರೂ ಯೋಚನೀನೇ ಮಾಡ್ತಾರ. ಇಡೀ ಬೀದರ ನನ್ನ ಸಲುವಾಗಿ ಯೋಚನಿ ಮಾಡ್ಲಾಕತ್ತದ,” ಎಂದು ನಕ್ಕು, ಚಪ್ಪಲಿ ಹಾಕಿಕೊಂಡು ಹೋದಳು. ಗೇಟನ್ನು ಸದ್ದಾಗದಂತೆ ಮುಚ್ಚಿದಳು. ಆ ಸದ್ದಾಗದಿದ್ದುದು ನನಗೆ ಇಡೀ ಮಧ್ಯಾಹ್ನ ಕೇಳುತ್ತಿತ್ತು.

ಅವತ್ತಿನ ‘ವಿಮಾನದ್ದು’ ಏನಾಗಿತ್ತೆಂದರೆ, ಮನುಷ್ಯರ ವಸಾಹತೊಂದರ ಬಾಗಿಲಿಗೆ ನೌಕೆ ಹೋಗುತ್ತದೆ. ಎಲ್ಲರನ್ನೂ ಒಳಗೆ ಬಿಡುತ್ತಾರೆ. ಸೂನಮ್ಮನನ್ನು ಮಾತ್ರ ಬಾಗಿಲ ಕಾವಲಿನ ಅಧಿಕಾರಿ ತಡೆಯುತ್ತಾನೆ. ನಿಮ್ಮಂಥವರಿಗೆ ಇಲ್ಲಿ ವ್ಯವಸ್ಥೆ ಇಲ್ಲ, ನಮ್ಮಲ್ಲಿ ಕುಟುಂಬಗಳಿವೆ ಎನ್ನುತ್ತಾನೆ. ಹೊರಗೆ ಹಿಮ ಬೀಳುತ್ತಿರುತ್ತದೆ, ಪಿಟೀಲು ಬಾರಿಸುತ್ತಿರುತ್ತಾರೆ. ಖತೀಜಾ ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರು ಕನ್ನಡಕ ತೆಗೆದರು. ಅತ್ತೆ ಆ ಅಧಿಕಾರಿಗೆ ಸ್ಪಷ್ಟವಾಗಿ ಒಂದು ಬೈಗುಳ ಹಾಕಿದರು. ಅದನ್ನು ಇಲ್ಲಿ ಬರೆಯಲಾರೆ.

“ಇವನ ಮನಿ ಹಾಳಾಗ. ಥಂಡ್ಯಾಗ ನಿಂತಾಳ, ಒಳಗ ಬಿಟ್ರ ಇವನ ಗಂಟೇನು ಹೋಗ್ತದ?”

ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಉತ್ತರ ಪತ್ರಿಕೆಯೊಂದಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಕೆಂಪು ಗೆರೆ ಎಳೆದೆ.

ಇಲ್ಲಿಗೆ ಅತ್ತೆಯ ಮನಸ್ಸು ಕರಗಿತು ಎಂದು ಬರೆದರೆ ನೀವು ನಂಬುತ್ತೀರಿ, ಅಂಥ ಕಥೆಗಳನ್ನು ನಾವು ಓದಿ ಬೆಳೆದಿದ್ದೇವೆ. ಹಾಗೇನೂ ಆಗಲಿಲ್ಲ. ಅವರು ಅತ್ತರು, ಮುಖ ತೊಳೆದರು, ರೊಟ್ಟಿ ಬಡಿದರು. ವಾರವೆಲ್ಲ ಕೋಣೆ ಖಾಲಿಯೇ ಇತ್ತು. ಸುವರ್ಣಾ ಬಸ್ಸಿನಲ್ಲಿ ಅದರ ಬಗ್ಗೆ ಒಂದು ಮಾತೂ ಕೇಳದೆ ತನ್ನ ಡಬ್ಬಿಯ ಶೇಂಗಾ ಚಟ್ನಿ ನನಗೆ ಕೊಡುತ್ತಿದ್ದಳು. ಕೋಣೆ ಕೊಡಿಸುವುದಕ್ಕಿಂತ ಕಷ್ಟ, ಆ ಚಟ್ನಿ ನುಂಗುವುದು.

ಕೆಲಸ ಕೆಡಿಸಿದ್ದು, ಅಥವಾ ಮಾಡಿದ್ದು, ಮಾಣಿಕಪ್ಪ ಮಾಸ್ತರು. ಒಂದು ಸಂಜೆ ಅವರು ಕಮಿಟಿಯ ಇನ್ನೊಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅತ್ತೆ ಅಂಗಳದಲ್ಲಿ ಮೆಂತ್ಯ ಸೋಸುತ್ತಿದ್ದರು.

“ಛಲೋ ಮಾಡಿದ್ರಿ ಕಾಶಮ್ಮನೋರೇ,” ಎಂದರು ಮಾಸ್ತರು.

“ಏನು ಮಾಡೀನಿರಿ?”

“ಅದೇ, ಅವತ್ತು ಬಂದಿತ್ತಲ್ಲ, ಅದಕ್ಕ ಖೋಲಿ ಕೊಡಲಿಲ್ಲಲ್ಲ. ನಮ್ಮ ಬಡಾವಣಿ ಮರ್ಯಾದಿ ಉಳೀತು. ಇಲ್ಲಿ ಎಲ್ಲಾ ಸಂಸಾರಸ್ಥರು ಇದ್ದೇವಿ.”

ಅತ್ತೆಯ ಕೈ ಮೆಂತ್ಯದ ಸಿವುಡಿನ ಮೇಲೆ ನಿಂತಿತು. ನಾನು ಬಾಗಿಲಲ್ಲಿದ್ದೆ. ಮಾಸ್ತರು ಅಲ್ಲಿಗೇ ನಿಲ್ಲಿಸಿದ್ದರೆ ಸುವರ್ಣಾ ಇವತ್ತಿಗೂ ಲಾಡ್ಜಿನಲ್ಲಿ ಕುರ್ಚಿ ಅಡ್ಡ ಇಡುತ್ತಿದ್ದಳು. ಆದರೆ ಜೀವನವಿಡೀ ಪಾಠದ ಕೊನೆಗೆ ಸಾರಾಂಶ ಹೇಳಿದವರು ಅವರು.

“ಮುಂದ ಯಾರಿಗಾದ್ರೂ ಖೋಲಿ ಕೊಡೋದಿದ್ರ ಕಮಿಟಿಗಿ ಒಂದ್ಮಾತು ಕೇಳ್ರಿ. ನೀವು ಹೆಣ್ಮಕ್ಕಳು, ನಿಮಗ ಮಂದಿ ಗುರ್ತು ಸಿಗಂಗಿಲ್ಲ.”

ಅತ್ತೆ ಮೊರ ಪಕ್ಕಕ್ಕೆ ಇಟ್ಟರು.

“ಮಾಸ್ತರ, ಈ ಮನಿ ಕಟ್ಟೋಕಾಲಕ್ಕ ಕಮಿಟಿ ಇತ್ತೇನ್ರಿ?”

“ಇಲ್ಲ, ಆಗ ಇನ್ನಾ…”

“ಇಟ್ಟಂಗಿ ಹೊರ್ಲಾಕ ನೀವು ಬಂದಿದ್ರೇನು?”

“ಹಂಗಲ್ಲ ಕಾಶಮ್ಮನೋರೇ, ನಿಮ್ಮ ಛಲೋದಕ್ಕಾ…”

“ಇಷ್ಟು ಹೆರಿಗಿ ಮಾಡ್ಸೀನಿ. ಹುಟ್ಟೋ ಮಕ್ಕಳಿಗಿ ಮೊದಲ ನೋಡೋದು ನಾನೇ. ಗಂಡೋ ಹೆಣ್ಣೋ ಅಂತ ಒದರಿ ಹೇಳೋದು ನಾನೇ. ಒಮ್ಮೊಮ್ಮಿ ಎರಡೂ ಹೇಳ್ಲಾಕ ಬರ್ದಂಥ ಕೂಸೂ ನನ್ನ ಕೈಯಾಗ ಬಂದಾವ. ನನಗ ಮಂದಿ ಗುರ್ತು ಸಿಗಂಗಿಲ್ಲಂತೀರಿ?”

ಮಾಸ್ತರ ಜೊತೆ ಬಂದವರು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟಿದ್ದರು. ಅತ್ತೆ ನನ್ನ ಕಡೆ ತಿರುಗಿದರು.

“ಏ ಶಾರದಾ, ಆ ಹುಡುಗಿಗಿ ಫೋನ್ ಹಚ್ಚು. ನಾಳೀನೇ ಬಾ ಅನ್ನು.”

ಹೀಗೆ ಮಾನವೀಯತೆ ಮಾಡದೆ ಬಿಟ್ಟ ಕೆಲಸವನ್ನು ಮೊಂಡುತನ ಮಾಡಿತು. ನಮ್ಮ ಕಡೆ ಬಹಳಷ್ಟು ಸುಧಾರಣೆ ಹೀಗೇ ಆಗಿರಬೇಕೆಂದು ನನ್ನ ಅನುಮಾನ. ಇತಿಹಾಸದವರು ಬರೆಯುವಾಗ ಅದನ್ನು ಸ್ವಲ್ಪ ಸಾಪು ಮಾಡುತ್ತಾರೆ. ಗೇಟಿಗೆ ಕಟ್ಟಿದ ಫಲಕವನ್ನು ಅತ್ತೆ ಅಂದೇ ತಂತಿ ಕತ್ತರಿಸಿ ಇಳಿಸಿದರು.

ಸುವರ್ಣಾ ಒಂದು ಆಟೋದಲ್ಲಿ ಸಾಮಾನು ತಂದಳು. ಎರಡು ಸೂಟ್‌ಕೇಸು, ಗ್ಯಾಸಿನ ಒಲೆ, ಗೋಡೆಗೆ ಹಾಕಲು ಬುದ್ಧನ ಒಂದು ಪಟ. ಮಾಸ್ತರು ತಮ್ಮ ಬಾಗಿಲಲ್ಲಿ ನಿಂತು ಇಳಿಸುವುದನ್ನೆಲ್ಲ ನೋಡುತ್ತಿದ್ದರು. ಪಟ ಕೆಳಗಿಳಿದಾಗ ಅವರ ಮುಖ ನೋಡಬೇಕಿತ್ತು. ನೌಬಾದದಲ್ಲಿ ಬಾಡಿಗೆಗೆ ಬಂದವರನ್ನು ಮೊದಲು ಕೇಳುವುದು “ಮಂದಿ ಯಾರು” ಎಂದು, ಅಂದರೆ ಜಾತಿ ಯಾವುದು ಎಂದು. ಗಂಡೋ ಹೆಣ್ಣೋ ಎಂಬ ಗಲಾಟೆಯಲ್ಲಿ ಕಮಿಟಿಯವರು ಅದನ್ನು ಕೇಳುವುದನ್ನೇ ಮರೆತಿದ್ದರು. ನಮ್ಮ ಕಡೆ ಮನೆಯಲ್ಲಿ ಬುದ್ಧನ ಪಟವಿದ್ದರೆ ದಲಿತರೆಂದೇ ಲೆಕ್ಕ. ಈಗ ಅವರ ಬಳಿ ಎರಡು ತಕರಾರು ಇದ್ದವು, ಯಾವುದನ್ನು ಮೊದಲು ಎತ್ತಬೇಕೆಂದು ಗೊತ್ತಾಗದೆ ಎರಡೂ ಹಾಗೇ ಉಳಿದವು. ಖತೀಜಾ ಆಪಾ ಗೋಡೆಯಾಚೆಯಿಂದ ಒಂದು ಡಬ್ಬಿ ಖೀರು ಕೊಟ್ಟು, “ಬೇಟಾ ಬೋಲೂಂ ಕಿ ಬೇಟೀ?” ಎಂದು, ಮಗ ಅನ್ನಲೋ ಮಗಳು ಅನ್ನಲೋ ಎಂದು ನೇರವಾಗಿಯೇ ಕೇಳಿದರು. “ಬೇಟೀ, ಆಪಾ,” ಎಂದಳು ಸುವರ್ಣಾ. “ಅಚ್ಛಾ,” ಎಂದು ಆಪಾ ಡಬ್ಬಿ ವಾಪಸು ಕೊಡುವುದನ್ನು ಮರೆಯಬಾರದೆಂದು ಎಚ್ಚರಿಸಿ ಒಳಗೆ ಹೋದರು. ನಾನು ಭಾಷಣಗಳಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುವ ವಿಷಯ.

ಆಮೇಲೆ ಏನಾಯಿತೆಂದರೆ, ಮನೆ ಮಾಲಕಿ ಮತ್ತು ಬಾಡಿಗೆದಾರಳ ನಡುವೆ ಲೋಕದಲ್ಲಿ ಏನು ಆಗುತ್ತದೋ ಅದೇ ಆಯಿತು. ಅತ್ತೆ ಮತ್ತು ಸುವರ್ಣಾ ಜಗಳಾಡತೊಡಗಿದರು. ಮೋಟಾರು ಹಚ್ಚಿ ಬಂದ್ ಮಾಡಲಿಲ್ಲವೆಂದು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟಳೆಂದು, ತಂತಿಯ ಮೇಲೆ ಅತ್ತೆಯ ಸೀರೆ ಸರಿಸಿ ತನ್ನದು ಹಾಕಿದಳೆಂದು. ಸುವರ್ಣಾಳೂ ಬಿಡುತ್ತಿರಲಿಲ್ಲ. “ನಸಿಕಿನ್ಯಾಗ ಎದ್ದು ಖಲಬತ್ತಿನಾಗ ಕುಟ್ಟತೀರಿ, ನನ್ನ ನಿದ್ದಿ ಹಾಳಾಗ್ತದ್ರಿ,” ಎನ್ನುತ್ತಿದ್ದಳು. ಹಿಂದಿನ ಬಾಡಿಗೆದಾರರ ಬಗ್ಗೆ ಅತ್ತೆ ಹೇಳುತ್ತಿದ್ದ ಎಲ್ಲ ದೂರುಗಳನ್ನೂ ಇವಳ ಬಗ್ಗೆಯೂ ಹೇಳತೊಡಗಿದಾಗ ನನಗೆ ಸಮಾಧಾನವಾಯಿತು. ವಿಶೇಷ ದೂರು ಒಂದೂ ಇರಲಿಲ್ಲ.

ಮಾಸ್ತರು ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ ಬಂದರು. ಅಭಿಮಾನ ದೊಡ್ಡದು, ಆದರೆ ಕಥೆ ರೋಚಕ ಘಟ್ಟದಲ್ಲಿತ್ತು. ಅತ್ತೆ ಅವರ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದರು.

ಸುವರ್ಣಾ ಮಾತ್ರ ‘ವಿಮಾನದ್ದು’ ನೋಡಲು ಕೆಳಗೆ ಬರುತ್ತಿರಲಿಲ್ಲ. ಅವಳಿಗಾಗಿಯೇ ಮಾಡಿದಂಥ ಧಾರಾವಾಹಿ, ನೋಡಬಾರದೇ ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ. ಕೇಳಿದ ಮೇಲೆ ನನಗೇ ನನ್ನ ದನಿ ಶಾಲು ಹೊದ್ದ ಹಾಗೆ ಕೇಳಿಸಿತು.

“ನನಗ ಅದು ಸೇರಂಗಿಲ್ರಿ ಅಕ್ಕಾ. ಅವರು ಕಣ್ಣು ಮುಚ್ಚಿ ತೆಗೀತಾರ, ಹೆಣ್ಣಾಗಿರ್ತಾರ. ಮೈಮ್ಯಾಲ ಬೆಳಕು ಬೀಳ್ತದ. ನಾ ಆಧಾರಿನಾಗ ಹೆಸರು ತಿದ್ದಿಸ್ಲಾಕ ಎಷ್ಟು ಸಲ ತಿರುಗೀನಿ ಅಂತ ನನಗೇ ನೆನಪಿಲ್ಲ. ಒಂದು ಕಡಿ ಫೋಟೋ ಹೊಂದಂಗಿಲ್ಲ ಅಂದ್ರು, ಒಂದು ಕಡಿ ಬೆರಳಚ್ಚು ಅದೇ ಅದ, ಮನುಷ್ಯಾ ಬ್ಯಾರಿ ಅದ ಅಂದ್ರು. ಆ ನೌಕೆದಾಗ ಕಚೇರಿನೇ ಇಲ್ಲೇನ್ರಿ?”

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದಳು:

“ಮತ್ತ ನಮ್ಮಂಥೋರು ಯಾವಾಗ್ಲೂ ಬ್ಯಾರಿ ಗ್ರಹದಿಂದಾನೇ ಯಾಕ ಬರ್ಬೇಕ್ರಿ? ನಾ ಕಮಲನಗರದಾಕಿ. ಬಸ್ಸಿನಾಗ ಬಂದೀನಿ.”

ವಿಜ್ಞಾನ ಕಥೆಗಳ ಬಗ್ಗೆ ನನಗೆ ಗೌರವವಿಲ್ಲವೆಂದಲ್ಲ. ಗಂಡು ಹೆಣ್ಣಾಗಬಹುದು, ಎರಡೂ ಅಲ್ಲದೆ ಇರಬಹುದು ಎಂದು ನೌಬಾದದ ಪಡಸಾಲೆಯಲ್ಲಿ ಕೂತ ನಮ್ಮ ತಲೆಗೆ ಮೊದಲು ಹಾಕಿದ್ದು ಅವೇ. ಆದರೆ ಅವು ಬಹಳ ಜಾಣತನದಿಂದ ಆ ಜನರನ್ನು ಜ್ಯೋತಿರ್ವರ್ಷಗಳ ಆಚೆ ಇಟ್ಟಿರುತ್ತವೆ. ಅಷ್ಟು ದೂರವಿದ್ದರೆ ಅಳುವುದು ಸುಲಭ. ಅವರು ನಮ್ಮ ತಂತಿಯ ಮೇಲೆ ಬಟ್ಟೆ ಒಣಹಾಕುವುದಿಲ್ಲ.

ಧಾರಾವಾಹಿಯ ಕೊನೆಯ ಭಾನುವಾರ ಬಂತು. ಪಡಸಾಲೆ ತುಂಬಿತ್ತು. ನಮ್ಮವರೂ ಕೂತಿದ್ದರು. ಮನುಷ್ಯರ ಅದೇ ವಸಾಹತಿಗೆ ಬೆಂಕಿಯ ಉಂಡೆಯೊಂದು ಬಂದು ಬೀಳಲಿರುತ್ತದೆ. ಸೂನಮ್ಮ ಒಬ್ಬಳೇ ನೌಕೆಯನ್ನು ಅದಕ್ಕೆ ಅಡ್ಡ ಒಯ್ದು, ತನ್ನನ್ನು ಒಳಗೆ ಬಿಡದಿದ್ದವರನ್ನೆಲ್ಲ ಉಳಿಸಿ, ತಾನು ಉರಿದು ಹೋಗುತ್ತಾಳೆ. ಸಾಯುವ ಮುಂಚೆ ಅಪ್ಪಟ ಮೈಸೂರು ಕನ್ನಡದಲ್ಲಿ ಎಲ್ಲರನ್ನೂ ಕ್ಷಮಿಸುತ್ತಾಳೆ. ಬಾಗಿಲು ಮುಚ್ಚಿದ್ದ ಅಧಿಕಾರಿ ಆಕಾಶದ ಕಡೆ ನೋಡಿ ಸಲ್ಯೂಟು ಹೊಡೆಯುತ್ತಾನೆ.

ಎಲ್ಲರೂ ಅಳುತ್ತಿದ್ದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಯಾಕೆ ಸುಳ್ಳು ಹೇಳಲಿ. ಸುವರ್ಣಾ ಯಾವಾಗಲೋ ಮೆಟ್ಟಿಲಿಳಿದು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಮಹಡಿಯ ನಲ್ಲಿಯಲ್ಲಿ ನೀರು ನಿಂತಿತ್ತು, ಮೋಟಾರಿನ ಸ್ವಿಚ್ಚು ಪಡಸಾಲೆಯ ಆ ಮೂಲೆಯಲ್ಲಿ, ಮಾಸ್ತರ ಕುರ್ಚಿಯ ಹಿಂದೆ ಇದೆ.

ಮಾಸ್ತರು ಕನ್ನಡಕ ಒರೆಸುತ್ತ, ಯಾರಿಗೆಂದಿಲ್ಲದೆ, “ಎಂಥಾ ದೊಡ್ಡ ಜೀವ. ಹಿಂಥೋರಿಗಿ ಮರಣ ಇಲ್ಲ,” ಎಂದರು.

“ಇವರು ಪ್ರತಿ ಸಲ ಸಾಯಿಸೇ ಬಿಡ್ತಾರ್ರಿ,” ಎಂದಳು ಸುವರ್ಣಾ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅತ್ತೆ ಮೂಗು ಏರಿಸಿಕೊಳ್ಳುತ್ತ ಕೇಳಿದರು:

“ಯಾಕಂತ? ಪಾಪ, ಇರಬೇಕಿತ್ತಲ್ಲ.”

“ಬದುಕಿದ್ರ ಖೋಲಿ ಕೊಡಬೇಕಾಗ್ತದಲ್ರಿ ಅಮ್ಮಾ.”

ಖತೀಜಾ ಆಪಾ ತಮ್ಮ ಬಳೆ ಸರಿಮಾಡಿಕೊಂಡರು. ಮಾಸ್ತರು ಒರೆಸಿ ಮುಗಿದ ಕನ್ನಡಕವನ್ನು ಇನ್ನೊಮ್ಮೆ ಒರೆಸಿದರು. ಪರದೆಯ ಮೇಲೆ ಸೂನಮ್ಮನಿಗಾಗಿ ಒಂದು ಶೋಕಗೀತೆ ಆರಂಭವಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ತಮ್ಮ ಮಾಮೂಲಿ ದನಿಗೆ ಬಂದರು.

“ನಿಂತೀಯಲ್ಲ, ನೀರಿನ ಟಾಕಿ ಖಾಲಿ ಅದ. ಹೋಗಿ ಮೋಟಾರ್ ಹಚ್ಚು. ಮತ್ತ ಬಂದ್ ಮಾಡೋದು ನೆನಪಿಡು.” ಬಳಿಕ ಎದುರಿನ ಕುರ್ಚಿಗೆ: “ಮಾಸ್ತರ, ಕಾಲು ತಗೀರಿ. ಆಕಿ ಹಾಯಲಿ.”

ಮಾಸ್ತರು ಕಾಲು ತೆಗೆದರು. ಸುವರ್ಣಾ ಅವರ ಮುಂದಿನಿಂದ ಸೀರೆಯ ನಿರಿಗೆ ಹಿಡಿದುಕೊಂಡು ಹಾಯ್ದು ಹೋಗಿ ಸ್ವಿಚ್ಚು ಒತ್ತಿದಳು. ನಮ್ಮ ಮೋಟಾರು ಹಳೆಯದು, ಶುರುವಾದರೆ ಮನೆಯೇ ನಡುಗುತ್ತದೆ. ಆ ಗದ್ದಲದಲ್ಲಿ ಶೋಕಗೀತೆ ನಮಗೆ ಯಾರಿಗೂ ಕೇಳಿಸಲೇ ಇಲ್ಲ.